ತೋಡಿನ ಲೆಕ್ಕ

2023ರ ಮಾರ್ಚ್ ತಿಂಗಳು. ಪರೀಕ್ಷೆಯ ಗಡಿಬಿಡಿ. ಪ್ರಶ್ನೆಪತ್ರಿಕೆಯ ಕಟ್ಟು ಎಣಿಸುತ್ತಾ ಕೂತಿದ್ದೆ. ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವ ಅಕ್ಕ ಬಾಗಿಲಲ್ಲಿ ಬಂದು ನಿಂತರು.

"ಮಾಷ್ಟ್ರೇ, ಕೊಡಪಾನ ಕೆಸರಿಗೆ ತಾಗ್ತಾ ಉಂಟು. ನಾಳೆ ಅನ್ನಕ್ಕೆ ನೀರು ಎಲ್ಲಿಂದ?"

ನಮ್ಮ ಶಾಲೆಯ ಬಾವಿ ಹದಿನಾಲ್ಕು ಕೋಲು ಆಳದ್ದು. ನಾನು ಇದೇ ಶಾಲೆಯಲ್ಲಿ ಕಲಿತವನು. ಆಗ ಏಪ್ರಿಲ್ ರಜೆಯಲ್ಲಿ ಕ್ರಿಕೆಟ್ ಆಡಿ ಬಂದು ಅದೇ ಬಾವಿಯಿಂದ ನೀರು ಸೇದಿ ತಲೆಗೆ ಸುರಿದುಕೊಳ್ಳುತ್ತಿದ್ದೆವು. ಬಾವಿಯ ಆಳ ಆಗಲೂ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ. ಮಾರ್ಚಿನಲ್ಲೇ ನೀರು ಮುಗಿಯಿತೆಂದರೆ ಏನರ್ಥ? ಆ ದಿನ ಪಕ್ಕದ ಮನೆಯ ಕೊಳವೆಬಾವಿಯಿಂದ ಪೈಪ್ ಎಳೆದು ಸುಧಾರಿಸಿದೆವು. ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಜೂನಿನಲ್ಲಿ ಹೊಸ ಎಂಟನೇ ತರಗತಿ. ಇಲಾಖೆಯ ಸುತ್ತೋಲೆಗಳು ನಮಗೆ ಬರುವುದು ಮಲಯಾಳದಲ್ಲಿ. ಅದರಲ್ಲಿ 'ನೀರ್ತಡಂ' ಎಂಬ ಶಬ್ದ ಇತ್ತು. ಕನ್ನಡದಲ್ಲಿ 'ಜಲಾನಯನ ಪ್ರದೇಶ'. ಎರಡನ್ನೂ ಬೋರ್ಡಿನಲ್ಲಿ ಬರೆದೆ. ಮಕ್ಕಳು ಎರಡನ್ನೂ ನೋಡಿ ಸುಮ್ಮನೆ ಕೂತರು! ಮನೆಯಲ್ಲಿ ಒಬ್ಬನಿಗೆ ತುಳು, ಇನ್ನೊಬ್ಬಳಿಗೆ ಹವ್ಯಕ, ಮತ್ತೊಬ್ಬನಿಗೆ ಮರಾಠಿ, ಬ್ಯಾರಿ, ಕೊಂಕಣಿ. ನಮ್ಮ ಕಾಸರಗೋಡಿನ ಕನ್ನಡ ಶಾಲೆಯೆಂದರೆ ಹೀಗೇ ಅಲ್ಲವೇ? ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲ ಎದ್ದಳು. "ಸಾರ್, ಯಾವ್ಯಾವ ಗುಡ್ಡೆಯ ನೀರು ನಮ್ಮ ತೋಡಿಗೆ ಬೀಳ್ತದೋ ಆ ಜಾಗ ಎಲ್ಲ ಒಟ್ಟಿಗೆ ಅಲ್ವಾ?"

ಅಷ್ಟೇ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೂ ಗೊತ್ತಿರಲಿಲ್ಲ. ಆ ವರ್ಷ ಪಾಠವನ್ನು ತೋಡಿನ ಬದಿಯಲ್ಲೇ ಮಾಡುವುದೆಂದು ತೀರ್ಮಾನಿಸಿದೆವು.

ಮೊದಲು ಮಳೆಯ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಸೆಂಟ್ಸ್ ಜಾಗ ಅಂದರೆ ಸುಮಾರು 40 ಚದರ ಮೀಟರ್. ಮಕ್ಕಳು ಗುಣಿಸಿದರು. ಒಂದು ಸೆಂಟ್ಸಿನ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 1 ಲಕ್ಷ 40 ಸಾವಿರ ಲೀಟರ್! ಒಂದು ಎಕರೆಗೆ 1 ಕೋಟಿ 40 ಲಕ್ಷ. ಒಬ್ಬ ಹುಡುಗ ಸೊನ್ನೆ ಜಾಸ್ತಿ ಆಗಿದೆಯೆಂದು ಮೂರು ಸಲ ಗುಣಿಸಿ ನೋಡಿದ. ಇಷ್ಟು ನೀರು ಮೇಲಿಂದ ಸುರಿಯುವ ಊರಿನಲ್ಲಿ ಮಾರ್ಚಿಗೆ ಬಾವಿ ಒಣಗುವುದೆಂದರೆ, ನೀರು ಬಾರದೆ ಅಲ್ಲ, ನಿಲ್ಲದೆ. ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ನೆಲ ಇಳಿಜಾರು. ಸಮುದ್ರ ಹತ್ತಿರ. ನೀರಿಗೆ ಅರ್ಜೆಂಟ್ ಜಾಸ್ತಿ.

ಹಿಂದಿನವರು ಈ ಅರ್ಜೆಂಟನ್ನು ಹೇಗೆ ತಡೆದರು ಎಂದು ಕೇಳಲು ಮಕ್ಕಳನ್ನು ಅವರವರ ಮನೆಯ ಅಜ್ಜ ಅಜ್ಜಿಯರ ಬಳಿಗೆ ಕಳಿಸಿದೆ. ಅವರು ತಂದ ಉತ್ತರಗಳನ್ನು ಜೋಡಿಸಿದರೆ ನಮ್ಮ ಇಡೀ ತೋಡಿನ ಚಿತ್ರ ಬಂತು.

ಎಲ್ಲಕ್ಕಿಂತ ಮೇಲೆ ಮುರಕಲ್ಲಿನ ಪದವು. ಅಲ್ಲಿ ತಗ್ಗಿನಲ್ಲಿ ಮಣ್ಣಿನ ಕಟ್ಟೆ ಹಾಕಿ ಮಳೆನೀರು ನಿಲ್ಲಿಸುವ ಮದಕ. ಮದಕದ ನೀರನ್ನು ಯಾರೂ ನೇರವಾಗಿ ತೋಟಕ್ಕೆ ಬಿಡುವುದಿಲ್ಲ. ಅದು ಮೆಲ್ಲ ಇಂಗಿ ಕೆಳಗಿನವರ ಬಾವಿಗೆ ಬರಬೇಕು. ಅದರ ಕೆಳಗೆ ಸೊಪ್ಪಿನ ಗುಡ್ಡೆ. ಮರ, ಪೊದೆ, ತರಗೆಲೆ. ಗುಡ್ಡೆಯ ಬುಡದಲ್ಲಿ ಸುರಂಗ. ನಮ್ಮ ಊರಿನ ಸುರಂಗದ ಬಗ್ಗೆ ಹೊರಗಿನವರಿಗೆ ಹೇಳಿದರೆ ರೈಲು ಹೋಗುವ ಸುರಂಗವೋ ಎಂದು ಕೇಳುತ್ತಾರೆ! ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಅಗಲ. ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಕೊರೆದು ಹೋಗುವುದು. ಒಳಗೆ ಉಸಿರಾಡಲು ಗಾಳಿ ಇದೆಯೇ ಎಂದು ದೀಪದ ಕುಡಿ ನೋಡಿ ತಿಳಿಯುವುದು. ಒಸರು ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಬಾಯಾರು, ಶೇಣಿ, ಪಡ್ರೆ ಕಡೆಗೆ ಹೋದರೆ ಈಗಲೂ ಇಂತಹವು ಬೇಕಾದಷ್ಟಿವೆ.

ಸುರಂಗದ ಕೆಳಗೆ ಮನೆ, ಹಟ್ಟಿ, ಅಡಿಕೆ ತೋಟ. ಅದಕ್ಕೂ ಕೆಳಗೆ ಬೈಲು. ಬೈಲಿನಲ್ಲಿ ಏಣೆಲು, ಸುಗ್ಗಿ, ನೀರಿದ್ದರೆ ಕೊಳಕೆ, ಹೀಗೆ ಮೂರು ಬೆಳೆ. ಗದ್ದೆಯ ಹುಣಿಯೆಂದರೆ ಬರೇ ನಡೆಯುವ ದಾರಿ ಅಲ್ಲ, ನೀರಿಗೆ ಹಾಕಿದ ತಡೆ. ಮಳೆಗಾಲ ಪೂರ್ತಿ ಗದ್ದೆಯಲ್ಲಿ ನಿಂತ ನೀರು ಇಂಗಿ ಇಂಗಿ ಸುತ್ತಲಿನ ಬಾವಿಗಳನ್ನು ತುಂಬಿಸುತ್ತಿತ್ತು. ಕೊನೆಗೆ ತೋಡು. ಡಿಸೆಂಬರ್, ಜನವರಿ ಹೊತ್ತಿಗೆ ತೋಡಿಗೆ ಅಲ್ಲಲ್ಲಿ ಕಲ್ಲು ಮಣ್ಣಿನ ಕಟ್ಟ. ಒಂದು ಕಟ್ಟದ ನೀರು ಹಿಂದಕ್ಕೆ ನಿಂತು ಮೇಲಿನ ಕಟ್ಟದ ಬುಡದವರೆಗೆ ಬರಬೇಕು. ಏತಡ್ಕದಲ್ಲಿ ಹೀಗೆ ಸಾಲಾಗಿ ಕಟ್ಟಗಳನ್ನು ಕಟ್ಟುವ ಕ್ರಮ ಹೆಸರುವಾಸಿ. ಅಂತಹ ಊರಿನಲ್ಲಿ ತೋಡು ಬೇಸಿಗೆಯಲ್ಲೂ ಉದ್ದದ ಕೆರೆಯ ಹಾಗೆ ಕಾಣುತ್ತದೆ.

ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ ಮತ್ತು ಗದ್ದೆಗೆ, ಗದ್ದೆಯ ಬೈಹುಲ್ಲು ಪುನಃ ಹಟ್ಟಿಗೆ. ಇದನ್ನು ಈಗ 'ಸಮ್ಮಿಶ್ರ ಕೃಷಿ' ಅನ್ನುತ್ತಾರೆ. ನಮ್ಮ ಅಜ್ಜಂದಿರು ಇದಕ್ಕೆ ಹೆಸರು ಇಟ್ಟಿರಲಿಲ್ಲ. ಬೇಸಾಯ ಅನ್ನುತ್ತಿದ್ದರು, ಅಷ್ಟೇ.

ಇನ್ನು ಹಣದ ಲೆಕ್ಕ. ಹಿಂದಿನ ಬೆಂಚಿನ ಆ ಹುಡುಗಿಯದ್ದು 60 ಸೆಂಟ್ಸ್ ಜಾಗ. ಅಪ್ಪ ಬೇರೆಯವರ ತೋಟದಲ್ಲಿ ಅಡಿಕೆ ಕೊಯ್ಯಲು, ಮದ್ದು ಬಿಡಲು ಮರ ಹತ್ತುವವರು. ಅವಳು ತಂದ ನೋಟುಪುಸ್ತಕದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಪುಟ. ಜನವರಿ, ಫೆಬ್ರವರಿಯಲ್ಲಿ ಕಾಳುಮೆಣಸು. ಮಾರ್ಚ್, ಏಪ್ರಿಲಿನಲ್ಲಿ ಗೇರುಬೀಜ. ಒಣಗಿದ ಅಡಿಕೆ ಸುಲಿದು ಸ್ವಲ್ಪ ಸ್ವಲ್ಪವಾಗಿ ಮಾರುವುದು ಬೇಸಿಗೆಯಿಂದ ಮಳೆಗಾಲದವರೆಗೆ. ಒಂದೂವರೆ ತಿಂಗಳಿಗೊಮ್ಮೆ ತೆಂಗಿನಕಾಯಿ. ಮಳೆಗಾಲದ ಆರಂಭದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಕೊಕ್ಕೋ. ಆಗೊಂದು ಈಗೊಂದು ಬಾಳೆಗೊನೆ. ಪ್ರತಿ ಪುಟದ ಕೊನೆಗೂ 'ಹಾಲು' ಎಂಬ ಒಂದು ಸಾಲು. ಯಾವ ಪುಟದ ಮೊತ್ತವೂ ದೊಡ್ಡದಲ್ಲ. ಆದರೆ ಸೊನ್ನೆ ಇರುವ ಪುಟವೂ ಇಲ್ಲ!

ಅದೇ ತರಗತಿಯ ಇನ್ನೊಬ್ಬ ಹುಡುಗನ ಮನೆಯಲ್ಲಿ ಎರಡು ಎಕರೆ ಬರೀ ರಬ್ಬರ್. 2011ರಲ್ಲಿ ರಬ್ಬರಿಗೆ ಕಿಲೋಗೆ ಇನ್ನೂರು ರೂಪಾಯಿ ದಾಟಿದಾಗ ಅವನ ಅಜ್ಜ ಸೊಪ್ಪಿನ ಗುಡ್ಡೆ ಬೋಳಿಸಿ ಸಸಿ ನೆಟ್ಟರು. ರಬ್ಬರ್ ಹಾಲು ಕೊಡಲು ಏಳು ವರ್ಷವಾದರೂ ಬೇಕು. ಆ ಸಸಿಗಳು ಇನ್ನೂ ಬೆಳೆಯುತ್ತಿದ್ದಾಗಲೇ, 2016ರ ಆರಂಭದಲ್ಲಿ, ಧಾರಣೆ ನೂರಕ್ಕಿಂತ ಕೆಳಗೆ ಬಂತು. ಅಡಿಕೆಯೂ ಇಂತಹ ಆಟ ಆಡಿದೆ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗಲೇ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೋ ಹುಟ್ಟಿದ್ದು. 2000ದ ಆಸುಪಾಸಿನಲ್ಲಿ ಪುನಃ ಕುಸಿಯಿತು. ಕೊಕ್ಕೋ ಬೇಡವೆಂದು ಎಷ್ಟೋ ಜನ ಕಡಿದು ಹಾಕಿದ್ದರು. 2024ರಲ್ಲಿ ಅದೇ ಕೊಕ್ಕೋದ ಒಣಬೀಜಕ್ಕೆ ಸ್ವಲ್ಪ ಕಾಲ ಸಾವಿರ ರೂಪಾಯಿಯ ಆಸುಪಾಸು ಬಂತು, ಆಮೇಲೆ ಇಳಿಯಿತು. ಯಾವುದು ಯಾವಾಗ ಏಳುತ್ತದೆ, ಬೀಳುತ್ತದೆ ಯಾರಿಗೂ ಗೊತ್ತಿಲ್ಲ. 60 ಸೆಂಟ್ಸಿನವನಿಗೆ ಒಂದೇ ಬೆಳೆಯ ಮೇಲೆ ಎಲ್ಲವನ್ನೂ ಇಡುವ ತಾಕತ್ತಿಲ್ಲ. ಹತ್ತು ಬೆಳೆ ಅವನ ಇನ್ಶೂರೆನ್ಸ್. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳೂ ತೆಂಗು, ಅಡಿಕೆಯ ನಡುವೆ ಮೆಣಸು, ಕೊಕ್ಕೋ, ಬಾಳೆ ಬೆಳೆಯಿರಿ ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಎತ್ತರದ ಮರ, ನಡು ಎತ್ತರದ ಗಿಡ, ನೆಲದ ಬೆಳೆ. ಮಳೆಯ ಹನಿ ಮೂರು ಕಡೆ ತಡೆದು ನೆಲಕ್ಕೆ ಬೀಳುತ್ತದೆ. ಉದುರಿದ ಎಲೆ ಮಣ್ಣಿಗೆ ಹೊದಿಕೆ. ಮಣ್ಣು ಕೊಚ್ಚಿ ಹೋಗುವುದು ಕಡಿಮೆ.

ಇಷ್ಟಾದ ಮೇಲೆ ಮಕ್ಕಳು ದೊಡ್ಡ ಚಾರ್ಟಿನಲ್ಲಿ ತೋಡಿನ ನಕ್ಷೆ ಬಿಡಿಸಿದರು. ಮಳೆನೀರು ನಿಂತು ಇಂಗುವ ಜಾಗಕ್ಕೆ ಹಸಿರು. ಇಂಗಿಸದೆ ಕೊಳವೆಬಾವಿಯಿಂದ ತೆಗೆಯುವ ಜಾಗಕ್ಕೆ ಕೆಂಪು. ಬಣ್ಣ ತುಂಬಿಸುತ್ತಾ ಬಂದರು. ಶಾಲೆಯ ಮೇಲ್ಗಡೆ ಒಂದು ತುಂಡು ಮಾತ್ರ ಬಿಳಿಯಾಗಿ ಉಳಿಯಿತು. ಅದೇ ಹುಡುಗಿ ಎರಡೂ ಬಣ್ಣದ ಪೆನ್ಸಿಲ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ನಿಮ್ಮ ಜಾಗಕ್ಕೆ ಯಾವ ಬಣ್ಣ?"

ನನ್ನ ಅಪ್ಪ ಗೇಣಿ ಒಕ್ಕಲು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಾಗ ಒಂದು ಎಕರೆ ಚಿಲ್ಲರೆ ಜಾಗ ಅವರ ಹೆಸರಿಗೆ ಬಂತು. ಅದರಲ್ಲಿ ಅರ್ಧಕ್ಕರ್ಧ ಬೈಲು ಗದ್ದೆ. ಅಪ್ಪ ಎರಡು ಬೆಳೆ ತಪ್ಪಿಸಿದವರಲ್ಲ. 1998ರಲ್ಲಿ, ಅಡಿಕೆಗೆ ಒಳ್ಳೆಯ ಧಾರಣೆ ಇದ್ದಾಗ, ನಾನು ಆ ಗದ್ದೆಗೆ ಮಣ್ಣು ತುಂಬಿಸಿದೆ. ನೀರು ಬೇಗ ಬಸಿದು ಹೋಗಲೆಂದು ಆಳದ ಕಣಿ ತೆಗೆಸಿದೆ. ಅಡಿಕೆ ಸಸಿ ನೆಟ್ಟೆ. ಅಪ್ಪ ಆ ದಿನ ಏನೂ ಹೇಳಲಿಲ್ಲ. ಹುಣಿಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಭತ್ತದ ಗದ್ದೆ ತುಂಬಿಸಬಾರದೆಂಬ ಕಾನೂನು ಕೇರಳದಲ್ಲಿ ಬಂದದ್ದು 2008ರಲ್ಲಿ. ಹಾಗಾಗಿ ನಾನು ಮಾಡಿದ್ದು ತಪ್ಪಲ್ಲ, ಕಾಗದದ ಮೇಲೆ.

ಸಸಿ ಫಸಲಿಗೆ ಬರುವ ಹೊತ್ತಿಗೆ ಧಾರಣೆ ಬಿದ್ದಿತ್ತು. ಮರಗಳಿಗೆ ನೀರು ಬೇಕಲ್ಲ? 2005ರಲ್ಲಿ ಕೊಳವೆಬಾವಿ ಕೊರೆಸಿದೆ. ಕೊಳವೆಬಾವಿ ಇದ್ದವನಿಗೆ ಕಟ್ಟದ ಹಂಗಿಲ್ಲ. ಮೊದಲು ಮನೆಗೊಬ್ಬರಂತೆ ಕಟ್ಟದ ಕೆಲಸಕ್ಕೆ ಹೋಗುತ್ತಿದ್ದೆವು. ನಾನು ಒಂದು ವರ್ಷ 'ಶಾಲೆಯಲ್ಲಿ ಕೆಲಸ ಉಂಟು' ಎಂದೆ. ಮರುವರ್ಷ ಆಳು ಕಳಿಸಿದೆ. ಅದರ ಮರುವರ್ಷ ಅದೂ ಇಲ್ಲ. ನನ್ನನ್ನು ನೋಡಿ ಇನ್ನಿಬ್ಬರು ಬಿಟ್ಟರು. ಉಳಿದ ನಾಲ್ಕು ಮನೆಯವರಿಂದ ಎಳೆಯಲಾಗದೆ ಕಟ್ಟವೇ ನಿಂತುಹೋಯಿತು. ಕಟ್ಟ ನಿಂತ ಮೇಲೆ ಅವರೂ ಕೊಳವೆಬಾವಿ ಕೊರೆಸಿದರು. ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕು ಗಂಭೀರ ಸ್ಥಿತಿಯ ಪಟ್ಟಿಯಲ್ಲಿದೆ ಎಂದು ಓದಿದಾಗ ನಾನು ಸರಕಾರವನ್ನು ಬೈದಿದ್ದೆ. ಶಾಲೆಯ ಬಾವಿಗೂ ನನ್ನ ಗದ್ದೆಗೂ ನಡುವೆ ಇನ್ನೂರು ಮೀಟರ್ ಕೂಡ ಇಲ್ಲ ಎಂಬುದು ನೆನಪಾದದ್ದು ಮಾತ್ರ ಆ ಚಾರ್ಟಿನ ಮುಂದೆ ನಿಂತಾಗ.

ಕೆಂಪು ಪೆನ್ಸಿಲ್ ತೆಗೆದುಕೊಂಡು ನಾನೇ ಬಣ್ಣ ತುಂಬಿಸಿದೆ. ಮಕ್ಕಳು ಏನೂ ಹೇಳಲಿಲ್ಲ. ಅವರಿಗೆ ಅದು ಬರೇ ನಕ್ಷೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೇಳಲು ನಾನು ಹೊರಟಿಲ್ಲ. ಅಡಿಕೆ ತೋಟವೂ ನೀರು ಕುಡಿಯುವ ಬೆಳೆಯೇ. ಎಕರೆಗೆ ಸುಮಾರು 550 ಮರ. ಮರಕ್ಕೆ ದಿನಕ್ಕೆ ಇಪ್ಪತ್ತು ಲೀಟರಿನಂತೆ ಹನಿ ನೀರಾವರಿಯಲ್ಲಿ ಕೊಟ್ಟರೂ 11 ಸಾವಿರ ಲೀಟರ್. ಹಾರೆ, ಸ್ಪ್ರಿಂಕ್ಲರ್ ಎಂದರೆ ಇನ್ನೂ ಎಷ್ಟೋ ಜಾಸ್ತಿ. ಮಹಾಳಿ ರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಸಣ್ಣ ಹಿಡುವಳಿಯಲ್ಲಿ ದುಡಿಮೆಗೆ ಕೊನೆಯಿಲ್ಲ. ಗೊಬ್ಬರ ಹೊರುವುದು, ಹುಲ್ಲು ತರುವುದು, ಹಾಲು ಕರೆಯುವುದು, ಇದರಲ್ಲಿ ಹೆಚ್ಚಿನದ್ದು ಹೆಂಗಸರ ಪಾಲಿಗೆ. ಆ ನೋಟುಪುಸ್ತಕದಲ್ಲಿ ಅಮ್ಮನ ಕೂಲಿಯ ಸಾಲು ಇರಲಿಲ್ಲ. ನಾನೇ ಕೇಳಿದೆ. "ಅಮ್ಮನಿಗೆ ಯಾರು ಕೊಡ್ತಾರೆ ಸಾರ್?" ಎಂದು ನಕ್ಕಳು.

ಆದರೆ ಗುಡ್ಡೆಯ ಮೇಲೆ ಒಂದೇ ಬೆಳೆ ಹಾಕಿ ಕೆಳಗಿನವರನ್ನು ಮರೆತರೆ ಏನಾಗುತ್ತದೆ ಎಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಗುಡ್ಡೆಯ ತುದಿಯಲ್ಲಿ ಬಿದ್ದದ್ದು ತೋಡು, ಬಾವಿಗಳಿಗೆ ಇಳಿಯಿತು. ಎಣ್ಮಕಜೆಯ ಪಡ್ರೆ ಗ್ರಾಮದ ಶಾಲಾಮಕ್ಕಳನ್ನು 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗ ರಕ್ತದಲ್ಲಿ ಅದರ ಅಂಶ ಸಿಕ್ಕಿತು. ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಮಕ್ಕಳ ರಕ್ತದಲ್ಲಿ ಬರೆದ ಜಲಾನಯನದ ಪಾಠ ಅದು. ನಾವು ಅದನ್ನು ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಕೇಳುತ್ತೇವೆ.

ಡಿಸೆಂಬರಿನಲ್ಲಿ ಕಟ್ಟ ಕಟ್ಟಿದೆವು. ಹಳೆಯ ಕಟ್ಟದ ಕೆಲಸ ಗೊತ್ತಿದ್ದ ನೆರೆಮನೆಯ ಅಜ್ಜನನ್ನು ಕರೆಯಲು ಹೋದಾಗ ಅವರು ಮೊದಲು ಕೇಳಿದ್ದು, "ಮಾಷ್ಟ್ರು ಸ್ವತಃ ಬರ್ತೀರೋ, ಆಳು ಕಳಿಸುವುದೋ?" ಅದು ನನಗೆ ಸರಿಯಾಗಿಯೇ ತಾಗಿತು. "ನಾನೇ ಬರ್ತೇನೆ" ಎಂದೆ. ಒಂದು ಆದಿತ್ಯವಾರ ಹೆತ್ತವರು, ಮಕ್ಕಳು, ನಾಲ್ಕು ಜನ ಮಾಷ್ಟ್ರು ಟೀಚರುಗಳು ಸೇರಿದೆವು. ಎರಡು ಸಾಲು ಕಲ್ಲು, ನಡುವೆ ಜೇಡಿಮಣ್ಣು. ಮಣ್ಣು ಹಾಕಿದರೆ ಸಾಲದು, ತುಳಿಯಬೇಕು. ಅಜ್ಜ ದಡದಲ್ಲಿ ಕೂತು ಮುಟ್ಟಾಳೆ ಸರಿಮಾಡಿಕೊಳ್ಳುತ್ತಾ, "ತುಳಿಯಿರಿ, ಇನ್ನೂ ತುಳಿಯಿರಿ, ಸಂಬಳ ಬರುವ ಕಾಲು ಗಟ್ಟಿ ಇರ್ಬೇಕಲ್ಲ!" ಎಂದಾಗ ಮಕ್ಕಳಿಗೆಲ್ಲ ನಗು. ಶಾಲೆಯ ಮಾಡಿನ ನೀರನ್ನೂ ಮರುವರ್ಷದ ಮಳೆಗಾಲಕ್ಕೆ ಸೋಸಿ ಬಾವಿಗೆ ಬಿಟ್ಟೆವು. ಐದು ಸೆಂಟ್ಸ್ ಮಾಡು ಅಂದರೆ ವರ್ಷಕ್ಕೆ ಏಳು ಲಕ್ಷ ಲೀಟರ್, ಲೆಕ್ಕ ಮಕ್ಕಳದ್ದೇ.

ಫಲಿತಾಂಶ ಏನು ಎಂದು ಕೇಳುತ್ತೀರಿ. 2023ರಲ್ಲಿ ಕೇರಳದಲ್ಲಿ ಮುಂಗಾರು ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. 2024ರ ಮಾರ್ಚಿನಲ್ಲಿ ಬಾವಿ ಪುನಃ ತಳ ಕಂಡಿತು. ಆದರೆ ಹಿಂದಿನ ವರ್ಷಕ್ಕಿಂತ ಹನ್ನೆರಡು ದಿನ ತಡವಾಗಿ. ನಕ್ಕವರು ನಕ್ಕರು. ಆ ಡಿಸೆಂಬರಿನಲ್ಲಿ ಪುನಃ ಕಟ್ಟಿದೆವು, ಈ ಸಲ ಎರಡು ಕಟ್ಟ. 2025ರಲ್ಲಿ ಬಾವಿ ಒಣಗಲೇ ಇಲ್ಲ. ಆದರೆ ಆ ವರ್ಷ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತಲ್ಲ! ಹಾಗಾಗಿ ಎಲ್ಲ ನಮ್ಮದೇ ಪುಣ್ಯ ಎಂದು ಹೇಳಿಕೊಳ್ಳುವ ಹಾಗಿಲ್ಲ. ನಾನು ಅಡಿಕೆ ಮರ ಕಡಿದು ಪುನಃ ಗದ್ದೆ ಮಾಡಿಲ್ಲ, ಅಷ್ಟು ಧೈರ್ಯ ನನಗಿಲ್ಲ. ಕಣಿಗಳಿಗೆ ಅಲ್ಲಲ್ಲಿ ತಡೆ ಹಾಕಿದ್ದೇನೆ, ಸ್ಪ್ರಿಂಕ್ಲರ್ ತೆಗೆದು ಹನಿ ನೀರಾವರಿ ಮಾಡಿದ್ದೇನೆ, ಅಡಿಕೆಯ ನಡುವೆ ಕೊಕ್ಕೋ, ಬಾಳೆ ಬಂದಿದೆ. ಎತ್ತರ ಮಾಡದೆ ಉಳಿದ ಹತ್ತು ಸೆಂಟ್ಸ್ ಮೂಲೆಯಲ್ಲಿ ಮಕ್ಕಳೊಟ್ಟಿಗೆ ಭತ್ತ ಹಾಕಿದೆ. ಹತ್ತು ಸೆಂಟ್ಸಿನಲ್ಲಿ ಏನು ಎಂದವರಿಗೆ, ಸಣ್ಣ ಜಾಗದಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದ ನಮ್ಮದೇ ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರ ಹೆಸರು ಹೇಳುತ್ತೇನೆ.

ಇದೆಲ್ಲ ಮಾಷ್ಟ್ರಿಗೆ ಯಾಕೆ ಎಂದು ಒಬ್ಬರು ಕೇಳಿದರು. ನಮ್ಮಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ತಲೆ ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಮಾಷ್ಟ್ರ ಹುದ್ದೆ ಹೋಗುತ್ತದೆ. ಕನ್ನಡ ಡಿವಿಜನ್ ಒಮ್ಮೆ ಹೋದರೆ ಪುನಃ ಬರುವುದು ಕಷ್ಟ. ಹೋರಾಟ, ಮನವಿ ಎಲ್ಲ ನಾವು ಮಾಡುತ್ತೇವೆ, ಮಾಡಲೇಬೇಕು. ಆದರೆ ಹಿಂದಿನ ಹತ್ತು ವರ್ಷದಲ್ಲಿ ನಮ್ಮ ಶಾಲೆ ಬಿಟ್ಟು ಹೋದ ಮಕ್ಕಳ ಹಾಜರಿ ಪುಸ್ತಕ ತೆಗೆದು ನೋಡಿದೆ. ಇಂಗ್ಲಿಷ್ ಮೀಡಿಯಮ್ಮಿಗೆ ಹೋದವರಷ್ಟೇ ಅಲ್ಲ, ನೀರು ಸಾಲದೆ, ಬೆಳೆ ಕೈಕೊಟ್ಟು, ಇದ್ದ ಜಾಗ ಮಾರಿ ಪೇಟೆಗೆ ಹೋದ ಮನೆಗಳವರೂ ಇದ್ದರು. 60 ಸೆಂಟ್ಸಿನಲ್ಲಿ ಒಂದು ಸಂಸಾರ ನಿಂತರೆ ನಮ್ಮ ಬೆಂಚಿನಲ್ಲಿ ಒಂದು ಮಗು ಕೂರುತ್ತದೆ. ಮಾರ್ಚಿನಲ್ಲಿ ಬಾವಿಯ ನೀರು ಅಳೆಯುವುದೂ ಜೂನಿನಲ್ಲಿ ತಲೆ ಎಣಿಸುವುದೂ ಬೇರೆ ಬೇರೆ ಲೆಕ್ಕ ಎಂದು ನನಗೆ ಈಗ ಅನಿಸುವುದಿಲ್ಲ.

ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ನಮ್ಮಲ್ಲಿಗೆ ಬಂದು ಚಂದ್ರಗಿರಿ ಆಗಿ ಸಮುದ್ರ ಸೇರುತ್ತದೆ. 1956ರಲ್ಲಿ ಎಳೆದ ಗಡಿ ಅದಕ್ಕೆ ಗೊತ್ತಿಲ್ಲ. ನನ್ನ ಜಾಗದ ಬೇಲಿಯೂ ತೋಡಿಗೆ ಗೊತ್ತಿಲ್ಲ.

ಆ ಚಾರ್ಟು ಈಗಲೂ ತರಗತಿಯ ಗೋಡೆಯಲ್ಲಿದೆ. ಮಳೆಗಾಲದ ತೇವಕ್ಕೆ ಬಣ್ಣ ಮಾಸಿದೆ. ಹುಡುಗಿ ಹೈಸ್ಕೂಲು ಮುಗಿಸಿ ಹೋಗುವ ಮೊದಲು ನನ್ನ ಜಾಗದ ಕೆಂಪಿನ ಮೇಲೆ ಮೂಲೆಯಲ್ಲಿ ಸಣ್ಣದಾಗಿ ಹಸಿರು ಗೀರಿ ಹೋಗಿದ್ದಾಳೆ. ಹತ್ತು ಸೆಂಟ್ಸಿನಷ್ಟೇ, ಸರಿಯಾಗಿ ಅಳತೆ ಪ್ರಕಾರ!

ನಿಮ್ಮ ಶಾಲೆಯ ಬಾವಿಯಲ್ಲಿ ಮಾರ್ಚಿನಲ್ಲಿ ನೀರು ಎಷ್ಟು ಕೋಲು ಇರುತ್ತದೆ? ಒಮ್ಮೆ ಮಕ್ಕಳ ಕೈಯಿಂದ ಅಳೆಸಿ ನೋಡಿ.